ಖರಾಬ್ ಅಂತ ಬರೆದಿಟ್ಟ ರೀಲು

ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ಸಿರ್ಕಾ ವಾಸನೆ ಬಂತು. ಎಷ್ಟು ಜೋರಾಗಿ ಬಂತೆಂದರೆ, ಉಪ್ಪಿನಕಾಯಿ ಭರಣಿ ಏನಾದರೂ ಒಡೆಯಿತಾ ಅಂತ ಅವ್ವ ಅಡುಗೆಮನೆಯಿಂದಲೇ ಕೂಗಿ ಕೇಳಿದಳು. ಒಳಗೆ ಒಂದು ಮಿಲಿಟರಿ ಕಂಬಳಿ, ಅದರ ಕೆಳಗೆ ಬಿಸ್ಕತ್ತಿನ ಡಬ್ಬಿ, ಡಬ್ಬಿಯೊಳಗೆ ಹಳದಿ ಬಣ್ಣದ ಹನ್ನೊಂದು ಸಣ್ಣ ಪೆಟ್ಟಿಗೆಗಳು. ವಾಸನೆ ಬರುತ್ತಿದ್ದುದು ಅವುಗಳಿಂದ.

ಬೀದರಿನ ಹಳೇ ಪಟ್ಟಣದಲ್ಲಿ, ಚೌಬಾರಾದಿಂದ ನಡೆದೇ ಹೋಗಬಹುದಾದ ದೂರದಲ್ಲಿ ನಮ್ಮ ಮನೆ. ಕಳೆದ ಮಳೆಗಾಲದಲ್ಲಿ ಮಾಳಿಗೆ ಸೋರಿತು ಅಂತ ಮೇಲಿನ ಖೋಲಿಯ ಸಾಮಾನನ್ನೆಲ್ಲ ಇಳಿಸುತ್ತಿದ್ದೆವು. ಆ ಟ್ರಂಕು ನಮ್ಮ ಮುತ್ಯಾನದು. ಅಪ್ಪನ ಅಪ್ಪ. ಅವನು ಹೋಗಿದ್ದು 1991ರಲ್ಲಿ, ಆಗ ನನಗೆ ಹದಿಮೂರು. ರೀಲುಗಳು ಇರುವುದು ನಮಗೆಲ್ಲ ಗೊತ್ತಿತ್ತು. ನಾನು ಸಣ್ಣವನಿದ್ದಾಗ ಹಬ್ಬಕ್ಕೆ ಎಲ್ಲರೂ ಸೇರಿದರೆ ಮುತ್ಯಾ ತನ್ನ ಬಿಳಿ ಧೋತರವನ್ನೇ ಗೋಡೆಗೆ ಮೊಳೆ ಹೊಡೆದು ಕಟ್ಟಿ, ಪ್ರೊಜೆಕ್ಟರ್ ಹಚ್ಚಿ ಒಂದೆರಡು ರೀಲು ತೋರಿಸುತ್ತಿದ್ದ. ಒಂದು ದಿನ ಅದರ ಬಲ್ಬು ಹೋಯಿತು. ಹೈದರಾಬಾದಿನಲ್ಲೂ ಸಿಗಲಿಲ್ಲ. ಅಲ್ಲಿಗೆ ಸಿನಿಮಾ ನಿಂತಿತು, ಡಬ್ಬಿ ಮಾಳಿಗೆ ಏರಿತು, ಮೂವತ್ತೈದು ವರ್ಷ ತಗಡಿನ ಕೆಳಗಿನ ಬಿಸಿಲಲ್ಲಿ ಬೆಂದಿತು.

ಆ ಸಿರ್ಕಾ ವಾಸನೆಗೆ ಕಾರಣ ಇದೆ. ಆ ಕಾಲದ ಮನೆ ಸಿನಿಮಾದ ಫಿಲ್ಮು ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನದು. ಬಿಸಿ ಮತ್ತು ತೇವ ತಾಗಿದರೆ ಅದು ಒಳಗೊಳಗೇ ಕೊಳೆಯುತ್ತದೆ, ಕೊಳೆಯುತ್ತಾ ಅಸಿಟಿಕ್ ಆಮ್ಲ ಬಿಡುತ್ತದೆ. ಸಿರ್ಕಾದಲ್ಲಿ ಇರುವುದೂ ಅದೇ ಹುಳಿ. ಒಂದು ಸಲ ಶುರುವಾದರೆ ನಿಲ್ಲುವುದಿಲ್ಲ, ಬಾಯಿ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಇನ್ನೂ ಬೇಗ, ಪಕ್ಕದ ರೀಲಿಗೂ ಹತ್ತುತ್ತದೆ. ಕೊನೆಗೆ ಫಿಲ್ಮು ಕುಗ್ಗಿ, ಮುದುಡಿ, ಹಪ್ಪಳದಂತೆ ಮುರಿಯುತ್ತದೆ. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ದಯವಿಟ್ಟು ಇವತ್ತೇ ಮಾಳಿಗೆಯಿಂದ ಇಳಿಸಿ, ತಂಪಾದ, ಒಣಗಿದ, ಗಾಳಿಯಾಡುವ ಜಾಗದಲ್ಲಿಡಿ. ನಮ್ಮ ಹನ್ನೊಂದರಲ್ಲಿ ಒಂದು ರೀಲು ಪೂರ್ತಿ ಅಂಟಿಕೊಂಡು ಹೋಗಿತ್ತು. ಅದರಲ್ಲಿ ಏನಿತ್ತೋ, ಅದು ಹೋದ ಹಾಗೆಯೇ.

ಉಳಿದವುಗಳಲ್ಲಿ ಒಂದನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಒಂದೊಂದು ಚಿತ್ರವೂ ಒಂದು ತೊಗರಿಬೇಳೆಯಷ್ಟು. ಅವ್ವನ ಕನ್ನಡಕವನ್ನು ಮಸೂರದ ಹಾಗೆ ಅಡ್ಡ ಹಿಡಿದು ನೋಡಿದೆ. ಕೆಂಪು ನೆಲ. ನೀಲಿ ಆಕಾಶ. ನಡುವೆ ಒಬ್ಬ ಮನುಷ್ಯ, ತಲೆಗೆ ನೀಲಿ ಟೋಪಿ, ಕೈಯಲ್ಲಿ ಒಂದು ಗಳ ನೆಟ್ಟಗೆ ಹಿಡಿದು ನಿಂತಿದ್ದಾನೆ. ಅರವತ್ತು ವರ್ಷದ ಹಿಂದಿನ ಬಣ್ಣ ನಿನ್ನೆ ಹಚ್ಚಿದಂತಿತ್ತು.

ಮುತ್ಯಾ ಸೈನ್ಯದಲ್ಲಿ ಇಂಜಿನಿಯರ್. ಬಂದೂಕಿಗಿಂತ ಜಾಸ್ತಿ ಸಲಿಕೆ, ಹಗ್ಗ, ಮರದ ದಿಮ್ಮಿ, ಕಬ್ಬಿಣದ ತೊಲೆಗಳ ಜೊತೆ ಬದುಕಿದವನು. ಮುಂದೆ ಹೋಗುವವರಿಗೆ ದಾರಿ ಮಾಡಿಕೊಡುವುದು, ಹೊಳೆಗೆ ಸೇತುವೆ ಹಾಕುವುದು, ಹೂತಿಟ್ಟ ಮೈನು ತೆಗೆಯುವುದು, ಸಾವಿರಾರು ಜನಕ್ಕೆ ಕುಡಿಯುವ ನೀರು ಹೊಂದಿಸುವುದು ಇವರ ಕೆಲಸ. 1962ರಲ್ಲಿ ಅವನನ್ನು ಕಾಂಗೋಗೆ ಕಳಿಸಿದರು.

ಕಾಂಗೋ ಯುದ್ಧದ ಬಗ್ಗೆ ನಮ್ಮಲ್ಲಿ ಮಾತಾಡುವವರು ಕಡಿಮೆ, ಅದಕ್ಕೇ ಸ್ವಲ್ಪ ಹೇಳುತ್ತೇನೆ. 1960ರ ಜೂನ್ 30ರಂದು ಬೆಲ್ಜಿಯಂ ಕೈಯಿಂದ ಕಾಂಗೋ ಸ್ವತಂತ್ರವಾಯಿತು. ಎರಡು ವಾರ ಕಳೆಯುವುದರೊಳಗೆ ಕಟಾಂಗಾ ಅನ್ನುವ ಪ್ರಾಂತ್ಯ ತಾನೇ ಬೇರೆ ದೇಶ ಅಂದುಬಿಟ್ಟಿತು. ಕಟಾಂಗಾ ಅಂದರೆ ತಾಮ್ರ. ತಾಮ್ರ ಮಾತ್ರ ಅಲ್ಲ, ಹಿರೋಶಿಮಾದ ಬಾಂಬಿಗೆ ಬಳಸಿದ ಯುರೇನಿಯಂನ ದೊಡ್ಡ ಪಾಲು ಹೋಗಿದ್ದೂ ಅಲ್ಲಿನ ಶಿಂಕೊಲೊಬ್ವೆ ಗಣಿಯಿಂದ. ಇಂಥ ನೆಲವನ್ನು ಯಾರು ಸುಮ್ನೆ ಬಿಟ್ಟುಕೊಡುತ್ತಾರೆ? ಗಣಿ ಕಂಪನಿ, ಬೆಲ್ಜಿಯಂ, ದುಡ್ಡಿಗೆ ಬಂದ ಬಾಡಿಗೆ ಸೈನಿಕರು ಎಲ್ಲರೂ ಕಟಾಂಗಾದ ನಾಯಕ ಶೋಂಬೆಯ ಬೆನ್ನಿಗೆ ನಿಂತರು. ದೇಶದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾನನ್ನು 1961ರ ಜನವರಿ 17ರಂದು ಕೊಂದರು. ಆಮೇಲೆ ವಿಶ್ವಸಂಸ್ಥೆ ಕೇಳಿತು ಅಂತ ನಮ್ಮ ದೇಶ ಒಂದು ಇಡೀ ಬ್ರಿಗೇಡನ್ನು ಕಳಿಸಿತು. ಅದೇ ವರ್ಷ ಡಿಸೆಂಬರ್ 5ರಂದು ಕಟಾಂಗಾದ ರಾಜಧಾನಿ ಎಲಿಜಬೆತ್‌ವಿಲ್‌ನಲ್ಲಿ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಬೆರಳೆಣಿಕೆಯ ಗೂರ್ಖಾಗಳನ್ನು ಕಟ್ಟಿಕೊಂಡು ದೊಡ್ಡ ಪಡೆಯ ಮೇಲೆ ನುಗ್ಗಿ ಪ್ರಾಣ ಕೊಟ್ಟರು. ಅವರಿಗೆ ಪರಮವೀರ ಚಕ್ರ ಬಂತು. ಒಟ್ಟು 39 ಭಾರತೀಯರು ಆ ಕಾರ್ಯಾಚರಣೆಯಲ್ಲಿ ತೀರಿಹೋದರು. ಶಾಂತಿಪಾಲನೆ ಅನ್ನುವ ಹೆಸರು ಇತ್ತು, ಆದರೆ ಅಲ್ಲಿ ನಡೆದದ್ದು ಯುದ್ಧವೇ.

ಹೋಗುವ ಮುಂಚೆ ಮುತ್ಯಾ ಮುಂಬೈಯಲ್ಲಿ ಒಂದು ಕೊಡಾಕ್ ಬ್ರೌನಿ ಸಿನಿಮಾ ಕ್ಯಾಮೆರಾ ಕೊಂಡ. 8 ಎಂಎಂದು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲವಂತೆ, ಎಷ್ಟು ಕೊಟ್ಟ ಅಂತ ಆಮೇಲೂ ಹೇಳಲಿಲ್ಲವಂತೆ.

ಈ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತಿತ್ತು ಅಂತ ಗೊತ್ತಾಗದಿದ್ದರೆ ಆ ರೀಲುಗಳಲ್ಲಿ ಇರುವುದು ಅರ್ಥವಾಗುವುದಿಲ್ಲ. ಬ್ಯಾಟರಿ ಇಲ್ಲ. ಗೋಡೆ ಗಡಿಯಾರಕ್ಕೆ ಕೊಟ್ಟ ಹಾಗೆ ಕೀಲಿ ಕೊಡಬೇಕು, ಒಂದು ಕೀಲಿಗೆ ಅರ್ಧ ನಿಮಿಷದ ಹತ್ತಿರ ಓಡುತ್ತದೆ. ಧ್ವನಿ ಇಲ್ಲ. ಒಳಗೆ ಹಾಕುವ ಫಿಲ್ಮು 25 ಅಡಿ ಉದ್ದ, 16 ಮಿಲಿಮೀಟರ್ ಅಗಲ. ಮೊದಲು ಅದರ ಒಂದು ಅರ್ಧ ಅಗಲದ ಮೇಲೆ ಚಿತ್ರ ಬೀಳುತ್ತದೆ. ಮುಗಿದ ಮೇಲೆ ನೆರಳಿಗೆ ಹೋಗಿ, ಮುಚ್ಚಳ ತೆಗೆದು, ಸ್ಪೂಲು ತಿರುವಿ ಹಾಕಿದರೆ ಇನ್ನೊಂದು ಅರ್ಧದ ಮೇಲೆ. ಆಮೇಲೆ ಕೊಡಾಕ್ ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳಿಸಬೇಕು. ಅವರು ಅದನ್ನು ತೊಳೆದು, ನಡುವೆ ಉದ್ದಕ್ಕೆ ಸೀಳಿ, ಎರಡು ತುಂಡನ್ನೂ ಜೋಡಿಸಿ 50 ಅಡಿಯ ಒಂದೇ ರೀಲು ಮಾಡಿ ಹಳದಿ ಪೆಟ್ಟಿಗೆಯಲ್ಲಿ ವಾಪಸ್ ಕಳಿಸುತ್ತಿದ್ದರು. 4,000 ಚಿತ್ರ. ಓಡಿಸಿದರೆ ನಾಲ್ಕು ನಿಮಿಷ, ಅಷ್ಟೇ. ಅದಕ್ಕೆ ನೆಗೆಟಿವ್ ಇಲ್ಲ, ಇನ್ನೊಂದು ಪ್ರತಿ ಇಲ್ಲ. ಕ್ಯಾಮೆರಾದೊಳಗೆ ಕಟಾಂಗಾದ ಬಿಸಿಲು ತಿಂದ ಅದೇ ಫಿಲ್ಮು ನನ್ನ ಬೆರಳುಗಳ ನಡುವೆ ಇತ್ತು. ಆ ಕೊಡಾಕ್ರೋಮ್ ಫಿಲ್ಮನ್ನು ಕೊಡಾಕ್ 2009ರಲ್ಲಿ ನಿಲ್ಲಿಸಿತು. ತೊಳೆಯುತ್ತಿದ್ದ ಜಗತ್ತಿನ ಕೊನೆಯ ಲ್ಯಾಬು ಅಮೆರಿಕದ ಕ್ಯಾನ್ಸಸ್‌ನಲ್ಲಿತ್ತು, ಅದೂ 2010ರ ಡಿಸೆಂಬರ್ ಕೊನೆಗೆ ಹೊಸ ಫಿಲ್ಮು ತೆಗೆದುಕೊಳ್ಳುವುದನ್ನು ನಿಲ್ಲಿಸಿತು.

ಹಾಗಾಗಿ ಒಂದೊಂದು ಸಲ ಗುಂಡಿ ಒತ್ತುವಾಗಲೂ ಅದು ಬೇಕೇ ಬೇಕಾ ಅಂತ ಯೋಚಿಸಿಯೇ ಒತ್ತಿರಬೇಕು. ನಾವು ಇವತ್ತು ಫೋನಿನಲ್ಲಿ ತೆಗೆದ ಹಾಗಲ್ಲ.

ಬೆಂಗಳೂರಿನಲ್ಲಿ ಒಬ್ಬರು ಒಂದೊಂದೇ ಫ್ರೇಮನ್ನು ಸ್ಕ್ಯಾನ್ ಮಾಡಿ ಕೊಡುತ್ತಾರೆ ಅಂತ ಗೊತ್ತಾಯಿತು. ಅದಕ್ಕಿಂತ ಮುಂಚೆ ಇಲ್ಲೇ ಹತ್ತಿರದ ಒಂದು ಸ್ಟುಡಿಯೋದಲ್ಲಿ ಹಳೇ ಪ್ರೊಜೆಕ್ಟರಿಗೆ ಹಾಕಿ ನೋಡೋಣ ಅಂದರು, ನಾನೂ ಹೂಂ ಅಂದೆ, ಒಂದೂವರೆ ಅಡಿ ಫಿಲ್ಮಿನ ಅಂಚಿನ ತೂತು ಹರಿದು ಹೋಯಿತು. ಕುಗ್ಗಿದ ಫಿಲ್ಮನ್ನು ಪ್ರೊಜೆಕ್ಟರಿಗೆ ಹಾಕಲೇಬಾರದು. ಆ ಒಂದೂವರೆ ಅಡಿ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸ್ಕ್ಯಾನ್ ಆಗಿ ಬಂದ ಮೇಲೆ ಮನೆಯವರೆಲ್ಲ ಟೀವಿ ಮುಂದೆ ಕೂತೆವು. ಹತ್ತು ನಿಮಿಷ ಆಗುವಷ್ಟರಲ್ಲಿ ಹುಡುಗರು ಎದ್ದು ಹೋದರು. ಯುದ್ಧ ಎಲ್ಲಿದೆ ಅಂತ ಕೇಳಿದರು. ಅವರ ಮಾತು ತಪ್ಪಲ್ಲ. ಗುಂಡಿಲ್ಲ, ಹೊಗೆಯಿಲ್ಲ, ಸತ್ತವರಿಲ್ಲ. ಇರುವುದು ರಸ್ತೆ. ರಸ್ತೆಯ ಪಕ್ಕದ ಚರಂಡಿ. ಕುಸಿದ ಮೋರಿ. ಹೊಳೆಯ ಎಡದಂಡೆಯಿಂದ ಬಲದಂಡೆಗೆ ನಿಧಾನವಾಗಿ ತಿರುಗುವ ಕ್ಯಾಮೆರಾ. ಮತ್ತೆ ರಸ್ತೆ.

ಆದರೆ ನಾನು ಏಳಲಿಲ್ಲ. ಇಪ್ಪತ್ತು ವರ್ಷದಿಂದ ನಾನೂ ರಸ್ತೆ ಮತ್ತು ಸಣ್ಣ ಸೇತುವೆ ಕೆಲಸದಲ್ಲೇ ಇದ್ದೇನೆ. ಮಾಂಜ್ರಾ ನೀರು ಏರಿದಾಗ ದಂಡೆಯ ಮೇಲೆ ನಿಂತು ಎಲ್ಲಿಯವರೆಗೆ ಬಂತು ಅಂತ ಗುರುತು ಹಾಕಿದವನು. ಆ ಕ್ಯಾಮೆರಾ ಹೊಳೆಯ ಮೇಲೆ ಹೇಗೆ ಓಡುತ್ತಿದೆ ಅಂತ ನೋಡುತ್ತಲೇ ನನಗೆ ತಿಳಿಯಿತು. ಮೊದಲು ದಂಡೆ ಗಟ್ಟಿಯಿದೆಯಾ ಅಂತ ನೋಡುತ್ತಾನೆ. ಆಮೇಲೆ ಹಳೇ ನೆರೆಯ ಗುರುತು. ಆಮೇಲೆ ಲಾರಿ ಇಳಿಯುವ ಜಾಗ. ಎಲ್ಲದರ ಪಕ್ಕದಲ್ಲೂ ಒಬ್ಬ ಜವಾನನನ್ನು ಗಳ ಹಿಡಿಸಿ ನಿಲ್ಲಿಸಿದ್ದಾನೆ, ಎತ್ತರ ಎಷ್ಟು ಅಂತ ನೋಡುವವರಿಗೆ ಗೊತ್ತಾಗಲಿ ಅಂತ. ನಾನು ಸೈಟಿನ ಫೋಟೋ ತೆಗೆಯುವಾಗ ಮೀಟರ್ ಪಟ್ಟಿ ಇಡುತ್ತೇನೆ, ಅಲ್ಲೂ ಅದೇ. ಮುತ್ಯಾನ ಕಣ್ಣೊಳಗೆ ಕೂತು ನೋಡಿದಂತಾಯಿತು. ಅವನು ಬದುಕಿದ್ದಾಗ ನಾನು ಅವನ ಜೊತೆ ಕೆಲಸದ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ಆಡುವ ವಯಸ್ಸೇ ಇರಲಿಲ್ಲ.

ಒಂದು ರೀಲಿನಲ್ಲಿ ಬೈಲಿ ಸೇತುವೆ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೊನಾಲ್ಡ್ ಬೈಲಿ ಅನ್ನುವ ಇಂಗ್ಲಿಷ್ ಇಂಜಿನಿಯರ್ ಯೋಚಿಸಿ ಮಾಡಿದ್ದು. 10 ಅಡಿ ಉದ್ದ, 5 ಅಡಿ ಎತ್ತರದ ಕಬ್ಬಿಣದ ಚೌಕಟ್ಟು, ಸುಮಾರು 260 ಕೆಜಿ. ಕ್ರೇನು ಬೇಡ, ಆರು ಜನ ಹೊತ್ತರೆ ಸಾಕು. ಒಂದಕ್ಕೊಂದು ಪಿನ್ನು ಹೊಡೆದು ಜೋಡಿಸುತ್ತಾ, ಉರುಳೆಗಳ ಮೇಲಿಟ್ಟು, ಜನರೇ ಕೈಯಿಂದ ಹೊಳೆಯ ಆಚೆಗೆ ತಳ್ಳುವುದು. ಮುತ್ಯಾ ಮುಖಗಳನ್ನು ತೆಗೆದಿಲ್ಲ, ಆರು ಜೋಡಿ ಕಾಲುಗಳನ್ನು ತೆಗೆದಿದ್ದಾನೆ. ಕೆಸರಿನಲ್ಲಿ ಬೂಟುಗಳು, ಒಂದೇ ತಾಳಕ್ಕೆ ಹೆಜ್ಜೆ. ಒಬ್ಬನ ಕಾಲು ಜಾರುತ್ತದೆ, ಉಳಿದ ಐದು ಜೋಡಿ ಕಾಲು ತಕ್ಷಣ ನಿಂತುಬಿಡುತ್ತವೆ, ಅವನು ಎದ್ದು ಹೆಗಲು ಕೊಡುವವರೆಗೆ. ಅಷ್ಟು ಭಾರ ಹೊತ್ತುಕೊಂಡು ನಿಲ್ಲುವುದು ನಡೆಯುವುದಕ್ಕಿಂತ ಕಷ್ಟ. ನಾನು ಆ ಹನ್ನೆರಡು ಸೆಕೆಂಡನ್ನು ಎಷ್ಟು ಸಲ ನೋಡಿದ್ದೇನೋ. 2024ರ ಜುಲೈ ಕೊನೆಯಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದಾಗ, ನಮ್ಮ ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪ್‌ನವರು ಮೇಜರ್ ಸೀತಾ ಶೆಳಕೆ ಮುಂದಾಳತ್ವದಲ್ಲಿ 190 ಅಡಿಯ ಇಂಥದೇ ಸೇತುವೆ ಕಟ್ಟಿದ್ದನ್ನು ನೀವು ಟೀವಿಯಲ್ಲಿ ನೋಡಿರುತ್ತೀರಿ. ಅದೇ ಚೌಕಟ್ಟು, ಅದೇ ಪಿನ್ನು, ಅದೇ ಹೆಗಲು.

ಇನ್ನೊಂದು ರೀಲಿನ ತುಂಬ ಮಣ್ಣು. ಕಟಾಂಗಾದ ನೆಲ ಕೆಂಪು. ಮುತ್ಯಾ ನಮಗೆ ಸಿನಿಮಾ ತೋರಿಸುವಾಗ ಆಡುತ್ತಿದ್ದ ಮಾತು ಕಡಿಮೆ, ಆದರೆ ಇದೊಂದನ್ನು ಪ್ರತಿ ಸಲ ಹೇಳುತ್ತಿದ್ದ. “ನೋಡ್ರಿ ತಮ್ಮಾ, ಮಣ್ಣು ನಮ್ಮೂರಿಂದೇ ಅದ.” ಬೀದರ್ ಕೂತಿರುವುದೇ ಕೆಂಪು ಕಲ್ಲಿನ ದಿಬ್ಬದ ಮೇಲೆ. ನಮ್ಮ ಕೋಟೆಯ ಕಂದಕವನ್ನೂ ಆ ಕಲ್ಲಿನಲ್ಲೇ ಕೊರೆದಿದ್ದಾರೆ. ಇಲ್ಲಿ ಮೊರಂ ಹಾಕಿ ಹೇಗೆ ರಸ್ತೆ ಮಾಡುತ್ತೇವೋ, ಅಲ್ಲೂ ಹಾಗೇ ಹಾಸಿ, ನೀರು ಹೊಡೆದು, ದಮ್ಮಸು ಮಾಡುತ್ತಿರುವುದು ಕಾಣುತ್ತದೆ. ಒಬ್ಬ ಜವಾನ ಒಂದು ಹಿಡಿ ಮಣ್ಣು ಎತ್ತಿ, ಮುಷ್ಟಿಯಲ್ಲಿ ಒತ್ತಿ, ಬಿಟ್ಟು ತೋರಿಸುತ್ತಾನೆ. ಉಂಡೆ ಒಡೆಯುವುದಿಲ್ಲ. ತೇವ ಸರಿಯಾಗಿದೆ ಅಂತ ಅರ್ಥ. ಇವತ್ತೂ ನಾವು ಸೈಟಿನಲ್ಲಿ ಮೊದಲು ಮಾಡುವುದು ಇದನ್ನೇ.

ಆಮೇಲೆ ಹುತ್ತಗಳು. ಕಟಾಂಗಾದ ಹುತ್ತ ಅಂದರೆ ನಮ್ಮ ಹೊಲದ ಬದುವಿನ ಹುತ್ತದಂತಲ್ಲ, ಮನೆಯಷ್ಟು ಎತ್ತರ. ಮೇಲೆ ಮರಗಳೇ ಬೆಳೆದಿರುತ್ತವೆ. ಅಲ್ಲಿನವರು ಆ ಮಣ್ಣಿನಿಂದ ಇಟ್ಟಿಗೆ ಸುಡುತ್ತಾರೆ. ಮುತ್ಯಾ ಇಲ್ಲೂ ಒಬ್ಬನನ್ನು ಗಳ ಹಿಡಿಸಿ ನಿಲ್ಲಿಸಿದ್ದಾನೆ. ಆದರೆ ಆ ಜವಾನ ಗಳವನ್ನು ಕೆಳಗಿಟ್ಟು, ಚಪ್ಪಲಿ ಬಿಡುವ ಹಾಗೆ ಬೂಟು ಬಿಚ್ಚಿ, ಹುತ್ತಕ್ಕೆ ಕೈ ಮುಗಿಯುತ್ತಾನೆ. ಅವನ ಊರಲ್ಲೂ ಪಂಚಮಿಗೆ ಹಾಲು ಎರೆಯುತ್ತಿದ್ದರು ಅಂತ ಕಾಣುತ್ತದೆ.

ಪೆಟ್ಟಿಗೆಗಳ ಮೇಲೆ ಮುತ್ಯಾ ಪೆನ್ಸಿಲಿನಲ್ಲಿ ಏನೇನೋ ಬರೆದಿದ್ದ, ಉರ್ದುವಿನಲ್ಲಿ. ನಿಜಾಮನ ಕಾಲದಲ್ಲಿ ಬೀದರಿನಲ್ಲಿ ಶಾಲೆ ಕಲಿತವರಿಗೆ ಬರವಣಿಗೆ ಅಂದರೆ ಉರ್ದು. ಮನೆಯಲ್ಲಿ ಕನ್ನಡ ಆಡುತ್ತಿದ್ದ, ಲೆಕ್ಕ ಮತ್ತು ಗುಟ್ಟು ಎರಡನ್ನೂ ಉರ್ದುವಿನಲ್ಲಿ ಬರೆಯುತ್ತಿದ್ದ. ನಮ್ಮ ಓಣಿಯಲ್ಲಿ ಎಂಬತ್ತು ದಾಟಿದ ಒಬ್ಬರು ಚಾಚಾ ಇದ್ದಾರೆ. ಪೆಟ್ಟಿಗೆಗಳನ್ನೆಲ್ಲ ತಟ್ಟೆಯಲ್ಲಿಟ್ಟು ಅವರ ಮುಂದೆ ಇಟ್ಟೆ. ಒಂದೊಂದನ್ನೇ ಎತ್ತಿ ಓದಿದರು. ಹಡಗು. ರಸ್ತೆ, ಹದಿನಾಲ್ಕು ಮೈಲು. ಹುತ್ತ. ಒಂದನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. “ರೇಡಿಯೋ. ವತನ್ ಕೀ ಖಬರ್” ಅಂತ ಓದಿ, “ಊರಿನ ಸುದ್ದಿ ಬೇಟಾ, ಚೀನಾ ಲಢಾಯಿ ಹೊತ್ತಿಂದು” ಅಂದರು.

ಆ ರೀಲು ನೋಡಿದ್ದೆ, ಏನಂತ ತಿಳಿದಿರಲಿಲ್ಲ. ಗುಡಾರದ ಮುಂದೆ ಹದಿನೈದು ಇಪ್ಪತ್ತು ಜನ, ನಡುವೆ ಒಂದು ಪೆಟ್ಟಿಗೆಯ ಮೇಲೆ ರೇಡಿಯೋ. ಯಾರೂ ಕ್ಯಾಮೆರಾ ನೋಡುತ್ತಿಲ್ಲ. ಒಬ್ಬ ಹುಲ್ಲು ಕಡ್ಡಿಯಿಂದ ನೆಲ ಗೀರುತ್ತಿದ್ದಾನೆ. 1962ರ ಅಕ್ಟೋಬರ್ 20ರಿಂದ ನವೆಂಬರ್ 21ರವರೆಗೆ ಹಿಮಾಲಯದಲ್ಲಿ ಯುದ್ಧ ನಡೆದಾಗ ಇವರು ಆಫ್ರಿಕಾದಲ್ಲಿ ಬೇರೆಯವರ ದೇಶ ಒಡೆಯದಂತೆ ಕಾಯುತ್ತಿದ್ದರು. ತಮ್ಮ ಪಲ್ಟನ್ನಿನ ಗೆಳೆಯರು ಅಲ್ಲಿ ಚಳಿಗೆ ಹಾಕಲು ಬಟ್ಟೆ ಇಲ್ಲದೆ ಸಾಯುತ್ತಿದ್ದಾರೆ, ತಾವು ಇಲ್ಲಿ ಮೋರಿ ಕಟ್ಟುತ್ತಿದ್ದೇವೆ. ಮಾತಿಲ್ಲದ ಫಿಲ್ಮು, ಆದರೂ ಆ ಕಡ್ಡಿ ನೆಲ ಗೀರುವುದು ನನಗೆ ಕೇಳಿಸುತ್ತದೆ.

ಎಲ್ಲವೂ ನನಗೆ ಹಿಡಿಸಿತು ಅಂತಲ್ಲ. ಒಂದು ರೀಲಿನಲ್ಲಿ ಕಾಂಗೋದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕುಣಿಸಿದ್ದಾರೆ. ಜವಾನರು ನಗುತ್ತಾ ಮಿಠಾಯಿ ಎಸೆಯುತ್ತಿದ್ದಾರೆ, ಮಕ್ಕಳು ಮಣ್ಣಿನಿಂದ ಹೆಕ್ಕುತ್ತಿದ್ದಾರೆ. ಅದನ್ನು ನೋಡಿ ನನಗೆ ಬೇಜಾರಾಯಿತು. ಯಾಕೆಂದರೆ ಇಂಥದನ್ನು ನಾನು ಬೇರೆ ಕಡೆ ನೋಡಿದ್ದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿದ್ದ ದೊರೆಗಳು, ಸೈನ್ಯದ ಅಧಿಕಾರಿಗಳು ತೆಗೆದ ಮನೆ ಸಿನಿಮಾಗಳನ್ನು ಕೇಂಬ್ರಿಡ್ಜಿನ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರ ಕಾಪಾಡಿಟ್ಟು ಎಲ್ಲರಿಗೂ ನೋಡಲು ಬಿಟ್ಟಿದೆ. ಅವುಗಳಲ್ಲಿ ನಮ್ಮವರು ಕಾಣುವುದು ಹೀಗೇ. ಬಂಗಲೆ, ಕುದುರೆ, ಬೇಟೆ, ಸಾಲಾಗಿ ನಿಂತ ಆಳುಗಳು. ನಮ್ಮ ಮುತ್ಯಾನೂ ಒಂದು ಮಧ್ಯಾಹ್ನ ಆ ದೊರೆಗಳ ಹಾಗೆಯೇ ಕ್ಯಾಮೆರಾ ಹಿಡಿದ. ಅದನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ಅದೇ ರೀಲಿನ ಕೊನೆಗೆ ಒಂದು ಹುಡುಗಿ ಬರುತ್ತಾಳೆ. ಹತ್ತು ವರ್ಷ ಇರಬಹುದು. ಅವಳು ಕುಣಿಯುವುದಿಲ್ಲ, ಮಿಠಾಯಿ ಹೆಕ್ಕುವುದಿಲ್ಲ. ಕೈ ಕಟ್ಟಿ ನಿಂತು ನೇರ ಮಸೂರವನ್ನೇ ನೋಡುತ್ತಾಳೆ. ಮುತ್ಯಾ ಕ್ಯಾಮೆರಾ ತಿರುಗಿಸಬಹುದಿತ್ತು, ತಿರುಗಿಸಿಲ್ಲ. ಅವಳು ನೋಡುತ್ತಲೇ ಇರುತ್ತಾಳೆ, ಕೀಲಿ ಮುಗಿದು ಚಿತ್ರ ನಿಲ್ಲುವವರೆಗೆ. ಬದುಕಿದ್ದರೆ ಈಗ ಎಪ್ಪತ್ತು ದಾಟಿರುತ್ತಾಳೆ. ಅವಳ ಬಾಲ್ಯದ ಚಿತ್ರ ಬೀದರಿನ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು ಅಂತ ಅವಳಿಗೆ ಹೇಳುವುದು ಹೇಗೆ? ಈ ರೀಲುಗಳ ಪ್ರತಿ ಲುಬುಂಬಾಶಿಗೂ ಹೋಗಬೇಕು. ಆಗಿನ ಎಲಿಜಬೆತ್‌ವಿಲ್ಲೇ ಈಗಿನ ಲುಬುಂಬಾಶಿ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದಿದ್ದೇನೆ. ಮುತ್ಯಾನ ಕೈ ಮುಟ್ಟಿದ್ದರಿಂದ ಇದು ನಮ್ಮದು, ಆದರೆ ಮುಖಗಳು ಅವರವು.

ಇಷ್ಟು ನೋಡಿ ಮುಗಿಸಿದ್ದು ಒಂಬತ್ತು ರೀಲು. ಹತ್ತನೆಯದನ್ನು ಮುತ್ಯಾ ನಮಗೆ ಯಾವತ್ತೂ ತೋರಿಸಿರಲಿಲ್ಲ. ಅದರ ಪೆಟ್ಟಿಗೆ ನೋಡಿ ಚಾಚಾ ಎರಡೇ ಶಬ್ದ ಓದಿದರು. “ಲುಫಿರಾ. ಖರಾಬ್.”

ಲುಫಿರಾ ಒಂದು ಹೊಳೆ. 1962ರ ಡಿಸೆಂಬರ್ 28ರಂದು ಕಟಾಂಗಾದ ಮೇಲಿನ ಕೊನೆಯ ಕಾರ್ಯಾಚರಣೆ ಶುರುವಾಯಿತು. ಬ್ರಿಗೇಡಿಯರ್ ನೊರೋನ್ಹಾ ಕೈಕೆಳಗಿನ ನಮ್ಮ ಪಡೆ ಜಾದೊವಿಲ್ ಅನ್ನುವ ಪಟ್ಟಣದ ಕಡೆ ಹೊರಟಿತು. ದಾರಿಯಲ್ಲಿ ಲುಫಿರಾ ಅಡ್ಡ ಬಂತು, ಅದರ ಸೇತುವೆಗಳನ್ನು ಕಟಾಂಗಾದವರು ಮೊದಲೇ ಉಡಾಯಿಸಿದ್ದರು. ಇಂಥ ಹೊತ್ತಿಗೇ ಇಂಜಿನಿಯರುಗಳು ಬೇಕಾಗುವುದು. ಹೊಳೆ ದಾಟಿದರು, ಜನವರಿ 3ರಂದು ಜಾದೊವಿಲ್ ಸೇರಿದರು. ಅದೇ ತಿಂಗಳಲ್ಲಿ ಕಟಾಂಗಾದ ಪ್ರತ್ಯೇಕತೆ ಮುಗಿಯಿತು, ಅದೇ ವರ್ಷ ನಮ್ಮ ಬ್ರಿಗೇಡು ಊರಿಗೆ ವಾಪಸ್ ಬಂತು. ಮುತ್ಯಾನ ಜೀವನದ ದೊಡ್ಡ ಕೆಲಸ ಅದು. ಅದನ್ನು ತೆಗೆದ ರೀಲಿನ ಮೇಲೆ ಹಾಳು ಅಂತ ಯಾಕೆ ಬರೆದ?

ಆ ಫಿಲ್ಮು ಹೇಗೆ ಓಡುತ್ತದೆ ಅಂತ ಮೇಲೆ ಹೇಳಿದೆನಲ್ಲ, ಉತ್ತರ ಅಲ್ಲೇ ಇದೆ. ಮೊದಲ ಅರ್ಧ ಮುಗಿದಾಗ ಫಿಲ್ಮು ಒಂದು ಸ್ಪೂಲಿನಿಂದ ಇನ್ನೊಂದಕ್ಕೆ ಸುತ್ತಿಕೊಂಡಿರುತ್ತದೆ. ತಿರುವಿ ಹಾಕಿ ಎರಡನೇ ಅರ್ಧ ಮುಗಿಸಿದರೆ, ಮತ್ತೆ ಮೊದಲಿನ ಸ್ಪೂಲಿಗೇ ಬಂದು ಕೂರುತ್ತದೆ. ಅಂದರೆ ಪೂರ್ತಿ ತುಂಬಿದ ಫಿಲ್ಮು ನೋಡಲು ಥೇಟ್ ಹೊಸ ಫಿಲ್ಮಿನ ಹಾಗೇ ಇರುತ್ತದೆ. ಡಬ್ಬಿಯ ಮೇಲೆ ಗುರುತು ಹಾಕದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಗಡಿಬಿಡಿಯಲ್ಲಿ ಮುತ್ಯಾ ಗುರುತು ಹಾಕಿರಲಿಲ್ಲ. ಊರಿಗೆ ಬಂದ. ಖಾಲಿ ಫಿಲ್ಮು ಒಂದು ಉಳಿದಿದೆ ಅಂದುಕೊಂಡು ಕ್ಯಾಮೆರಾಗೆ ಹಾಕಿದ. ಹಾಕಿ, ಅಂಗಳದಲ್ಲಿ ರೊಟ್ಟಿ ಮಾಡುತ್ತಿದ್ದ ತನ್ನ ಅವ್ವನನ್ನು ತೆಗೆದ. ಎರಡು ನಿಮಿಷ.

ಎರಡು ಚಿತ್ರ ಒಂದರ ಮೇಲೊಂದು ಬಿದ್ದಿವೆ. ಬೆಳಕು ಜಾಸ್ತಿ ಇರುವ ಕಡೆ ಒಂದು ಇನ್ನೊಂದನ್ನು ನುಂಗುತ್ತದೆ, ಕತ್ತಲಿರುವ ಕಡೆ ಎರಡೂ ಕಾಣುತ್ತವೆ. ದೊಡ್ಡ ಆಯಿ ಒಲೆಯ ಮುಂದೆ ಕೂತಿದ್ದಾಳೆ. ಅವಳ ಕಪ್ಪು ಇಳಕಲ್ ಸೀರೆಯ ಮೇಲೆ ಹೊಳೆ ಹರಿಯುತ್ತಿದೆ. ಒಲೆಯ ಕಪ್ಪು ಬಾಯಿಯೊಳಗಿನಿಂದ ಜವಾನರು ಒಬ್ಬೊಬ್ಬರಾಗಿ ಹೊರಬರುತ್ತಾರೆ, ಹೆಗಲ ಮೇಲೆ ಪೆಟ್ಟಿಗೆ, ಕೈಯಲ್ಲಿ ಹಗ್ಗ. ಅವಳ ಮೊಣಕಾಲಿನ ಹತ್ತಿರ ತೆಪ್ಪ ಹತ್ತು ಅಡಿ ಸರಿದು ನಿಲ್ಲುತ್ತದೆ. ಅವಳಿಗೆ ಅದೇನೂ ಗೊತ್ತಿಲ್ಲ. ಎರಡೂ ಕೈಯಿಂದ ರೊಟ್ಟಿ ಬಡಿಯುತ್ತಾಳೆ, ತಿರುಗಿಸಿ ಬಡಿಯುತ್ತಾಳೆ, ಎತ್ತಿ ಹಂಚಿನ ಮೇಲೆ ಹಾಕುತ್ತಾಳೆ, ನೀರು ಸವರುತ್ತಾಳೆ. ರೊಟ್ಟಿ ಬೆಳ್ಳಗೆ ಹೊಳೆಯುವುದರಿಂದ ಅದರ ಮೇಲೆ ಮಾತ್ರ ಯಾರೂ ನಡೆಯುವುದಿಲ್ಲ. ಒಂದು ಸಲ ತಲೆ ಎತ್ತಿ ಮುತ್ಯಾನ ಕಡೆ ನೋಡಿ ಏನೋ ಅನ್ನುತ್ತಾಳೆ. ಬಾಯಿ ಆಡುವುದು ಕಾಣುತ್ತದೆ. ಸರಿಯಾಗಿ ಆಗಲೇ ಅವಳ ಹಣೆಯ ಹಿಂದೆ ಮುರಿದ ಸೇತುವೆಯ ತೊಲೆಗಳು ನೀರಿನಿಂದ ಎದ್ದು ನಿಂತಿರುತ್ತವೆ.

ದೊಡ್ಡ ಆಯಿಯ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆ ಆಗುತ್ತದೆ ಅಂತ ನಂಬಿದ್ದವಳು. 1964ರಲ್ಲಿ ಹೋದಳು. ಅವಳ ಮುಖ ಉಳಿದಿರುವುದು ಈ ಒಂದೇ ಕಡೆ.

ಇದನ್ನು ನೋಡಿದ ನನ್ನ ತಮ್ಮ, ಈಗಿನ ಸಾಫ್ಟ್‌ವೇರಿನಲ್ಲಿ ಜವಾನರನ್ನೆಲ್ಲ ಅಳಿಸಿ ಆಯಿಯನ್ನು ಮಾತ್ರ ಚಂದ ಮಾಡಿ ತೆಗೆಯಬಹುದು, ಫ್ರೇಮು ಹಾಕಿಸೋಣ ಅಂದ. ಅವನ ಆಸೆ ನನಗೆ ಅರ್ಥವಾಗುತ್ತದೆ. ಎರಡು ರಾತ್ರಿ ಯೋಚಿಸಿದೆ. ಆಮೇಲೆ ಬೇಡ ಅಂದೆ. ಆ ಯಂತ್ರ ಜವಾನರನ್ನು ಅಳಿಸಿದ ಜಾಗದಲ್ಲಿ ತಾನೇ ಏನನ್ನೋ ಊಹಿಸಿ ತುಂಬುತ್ತದೆ. ಇಲ್ಲದ ಸೀರೆ, ಇಲ್ಲದ ಗಲ್ಲ. ಮತ್ತೆ ಆ ಜವಾನರೂ ಯಾರದೋ ಮನೆಯವರೇ. ಮುತ್ಯಾ ಕೂಡ ಖರಾಬ್ ಅಂತ ಬರೆದನೇ ಹೊರತು ಎಸೆಯಲಿಲ್ಲ. ಮೂವತ್ತು ವರ್ಷ ಇಟ್ಟುಕೊಂಡ. ಒಬ್ಬನೇ ಇದ್ದಾಗ ಹಾಕಿ ನೋಡುತ್ತಿದ್ದನೋ ಏನೋ. ಈ ರೀಲಿನ ತೂತುಗಳ ಅಂಚು ಉಳಿದ ಎಲ್ಲ ರೀಲಿಗಿಂತ ಜಾಸ್ತಿ ಸವೆದಿದೆ.

ಕಳೆದ ತಿಂಗಳು ಅತ್ಯಾ ಬಂದಿದ್ದಳು, ಮುತ್ಯಾನ ಮಗಳು, ಎಪ್ಪತ್ತನಾಲ್ಕು ವರ್ಷ. ಹುಮನಾಬಾದಿನಿಂದ ಬಸ್ಸಿನಲ್ಲಿ ಬಂದವಳನ್ನು ಕೈಕಾಲು ತೊಳೆಸಿ ಟೀವಿ ಮುಂದೆ ಕೂರಿಸಿದೆ. ಏನಿದೆ ಅಂತ ಹೇಳಿರಲಿಲ್ಲ. ಶುರುವಾದಾಗ ಅವಳಿಗೆ ಕಂಡದ್ದು ಹೊಳೆ, ಜನ, ಕಲಸಿದ ಬಣ್ಣ. ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ದೊಡ್ಡ ಆಯಿ ಸುಡುವ ರೊಟ್ಟಿಯನ್ನು ಬರಿಗೈಯಲ್ಲೇ ಮಗುಚಿ ಹಾಕಿ, ಬೆರಳು ಕಿವಿಗೆ ತಾಗಿಸಿಕೊಂಡಳು ನೋಡಿ, ಅತ್ಯಾ ಸೆರಗು ಬಾಯಿಗೆ ಹಿಡಿದಳು.

“ನಮ್ಮ ಆಯಿ” ಅಂದಳು. “ಹಿಂಗೇ ಕಿವಿ ಹಿಡ್ಕೊಂತಿದ್ಲು.”

ಆಮೇಲೆ ಮಾತಾಡಲಿಲ್ಲ. ಜವಾನರು ಒಲೆಯಿಂದ ಬರುತ್ತಲೇ ಇದ್ದರು. ಅತ್ಯಾ ಅವರನ್ನು ಎಣಿಸುತ್ತಿದ್ದಾಳೇನೋ ಅನ್ನುವ ಹಾಗೆ ತುಟಿ ಆಡುತ್ತಿತ್ತು.

“ಎಷ್ಟು ಮಂದಿ ಬಂದಾರೋ ತಮ್ಮಾ” ಅಂದಳು ಕೊನೆಗೆ, “ಹಿಟ್ಟು ಸಾಕಾಗ್ತದೇನು ಆಕಿಗೆ?”

ಅಷ್ಟರಲ್ಲಿ ಫಿಲ್ಮಿನ ಅಂಚಿಗೆ ಬೆಳಕು ನುಗ್ಗಿದ ಜಾಗ ಬಂತು, ಪರದೆ ಕಿತ್ತಳೆ ಬಣ್ಣವಾಗಿ, ಬೆಳ್ಳಗಾಗಿ, ನಿಂತಿತು. ಮತ್ತೊಂದು ಸಲ ಹಾಕು ಅಂದಳು. ಹಾಕಿದೆ.